ಹಾವಿಗಿಂತ ಮೊದಲು ಬಂದ ಪೆಟ್ಟಿಗೆ

ಬಾಲ್ ಪೈಥಾನ್ ಎಂಬ ಹೆಬ್ಬಾವು ತರುತ್ತೇನೆ ಎಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, ‘ಎಲ್ಲಿಡ್ತೀಯ?’ ಕಚ್ಚುತ್ತಾ, ವಿಷ ಇದೆಯಾ ಎಂಬುದೆಲ್ಲ ಆಮೇಲೆ ಬಂತು. ಹಾವು ಸಾಕಲು ಹೊರಟವರು ತಮ್ಮನ್ನು ತಾವೇ ಮೊದಲು ಕೇಳಿಕೊಳ್ಳಬೇಕಾದ್ದೂ ಅದನ್ನೇ. ನಾಯಿಗೆ ಚಳಿಯಾದರೆ ಬಂದು ಕಾಲಬುಡದಲ್ಲಿ ಮಲಗುತ್ತದೆ, ಬೆಕ್ಕಿಗೆ ಸೆಕೆಯಾದರೆ ತಣ್ಣಗಿನ ನೆಲ ಹುಡುಕಿಕೊಳ್ಳುತ್ತದೆ. ಪೆಟ್ಟಿಗೆಯೊಳಗಿನ ಹಾವಿಗೆ ನಾವು ಕೊಟ್ಟಷ್ಟೇ ಲೋಕ. ಬಿಸಿ, ತಂಪು, ತೇವ, ಕತ್ತಲು ಎಲ್ಲವೂ ಆ ನಾಲ್ಕಡಿಯೊಳಗೇ ಸಿಗಬೇಕು. ಸಿಗದಿದ್ದರೆ ಅದು ಕೂಗುವುದಿಲ್ಲ, ಮುಖ ಸಪ್ಪೆ ಮಾಡಿಕೊಳ್ಳುವುದೂ ಇಲ್ಲ. ಊಟ ಬಿಡುತ್ತದೆ, ಪೊರೆ ಚೂರು ಚೂರಾಗಿ ಕಳಚುತ್ತದೆ, ಬಾಯಿ ತೆರೆದು ಉಸಿರಾಡಲು ಶುರುಮಾಡುತ್ತದೆ. ನಮ್ಮ ಕಣ್ಣಿಗೆ ಅದು ಬೀಳುವ ಹೊತ್ತಿಗೆ ತೊಂದರೆ ಶುರುವಾಗಿ ಬಹಳ ದಿನವಾಗಿರುತ್ತದೆ.

ಹಾಗಾಗಿ ಮೊದಲು ಪೆಟ್ಟಿಗೆ, ಅದು ಖಾಲಿಯಾಗಿಯೇ ಸರಿಯಾಗಿ ನಡೆಯಬೇಕು, ಆಮೇಲೆ ಹಾವು ಎಂದು ತೀರ್ಮಾನಿಸಿದೆ. ಮನೆಯವರಿಗೂ ಇದು ಒಪ್ಪಿಗೆಯಾಯಿತು. ಖಾಲಿ ಪೆಟ್ಟಿಗೆ ನೋಡಿ ನೋಡಿ ನನಗೇ ಬೇಸರ ಬಂದು ಬಿಟ್ಟುಬಿಡುತ್ತೇನೆ ಎಂಬ ಆಸೆ ಅಪ್ಪನಿಗಿತ್ತು ಎಂದು ನನ್ನ ಗುಮಾನಿ.

ಯಾವ ಹಾವು ಎಂದು ಗೊತ್ತಾಗದೆ ಪೆಟ್ಟಿಗೆಯ ಅಳತೆ ಹೇಳಲಾಗದು. ಕಾರ್ನ್ ಸ್ನೇಕ್ ಮತ್ತು ಬಾಲ್ ಪೈಥಾನ್ ನಡುವೆ ಬಹಳ ದಿನ ತೂಗಿ ನೋಡಿದೆ. ಕಾರ್ನ್ ಸ್ನೇಕ್ ಉತ್ತರ ಅಮೆರಿಕದ್ದು, ಚುರುಕು, ತೇವ ಶೇ. 40–60 ಇದ್ದರೆ ಸಾಕು, ಹೊಸಬರಿಗೆ ಸುಲಭ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಹಗಲೆಲ್ಲ ಇಲಿ ಹೆಗ್ಗಣಗಳ ಹಳೆಯ ಬಿಲ, ಗೆದ್ದಲು ಹುತ್ತಗಳಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತದೆ. ವಿಷವಿಲ್ಲ, ನಿಧಾನಿ, ಬಹಳ ಸಂಕೋಚದ್ದು. ಮನಸ್ಸು ಅದಕ್ಕೇ ವಾಲಿತು. ದೊಡ್ಡದಾದಾಗ ಮೂರರಿಂದ ಐದು ಅಡಿ, ಹೆಣ್ಣು ಗಂಡಿಗಿಂತ ದಪ್ಪ. ಆಯಸ್ಸು 20–30 ವರ್ಷ ಎನ್ನುವುದು ಸಾಮಾನ್ಯ ಲೆಕ್ಕ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಒಂದು ಬಾಲ್ ಪೈಥಾನ್ 2020ರಲ್ಲಿ, ಅರವತ್ತು ದಾಟಿದ ಮೇಲೆ, ಮೊಟ್ಟೆಯಿಟ್ಟು ಸುದ್ದಿಯಾಗಿತ್ತು. ಈ ಸುದ್ದಿಯನ್ನು ಅಪ್ಪನಿಗೆ ತೋರಿಸಲು ಹೋಗಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೆಬ್ಬಾವಿನ ಕುಟುಂಬ ಪೂರ್ತಿ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಬಾಲ್ ಪೈಥಾನ್ ಎರಡನೇ ಅನುಬಂಧದಲ್ಲಿ ಬರುತ್ತದೆ. ಅಂದರೆ ಗಡಿ ದಾಟಿ ಬರುವ ಪ್ರತಿ ಹಾವಿಗೂ ಕಾಗದ ಬೇಕು. ಅದರ ಮೇಲೆ ಅವರವರ ದೇಶದ ಕಾನೂನು ಬೇರೆ. ಸಾಕಣೆಯಲ್ಲೇ ಹುಟ್ಟಿದ್ದು, ದಾಖಲೆ ಇದ್ದದ್ದು ಅಲ್ಲದಿದ್ದರೆ ಪೆಟ್ಟಿಗೆಯ ಮಾತೇ ಬೇಡ. ಕಾಡಿನಿಂದ ಹಿಡಿದು ತಂದ ಹಾವು ಹಲವೆಡೆ ಕಾನೂನಿಗೂ ಸಲ್ಲದು, ಎಷ್ಟೋ ಸಲ ಮೈತುಂಬ ಉಣ್ಣೆ ಹುಳ ಹೊತ್ತು ಬಂದಿರುತ್ತದೆ, ಮುಚ್ಚಿದ ಜಾಗಕ್ಕೆ ಒಗ್ಗುವುದೂ ಕಷ್ಟ.

ಜಾಗ ಹುಡುಕುವಾಗ ಆರಿಸಿದ್ದಕ್ಕಿಂತ ಕೈಬಿಟ್ಟದ್ದೇ ಹೆಚ್ಚು. ಕಿಟಕಿ ಪಕ್ಕ ಚೆಂದ ಕಾಣುತ್ತಿತ್ತು, ಆದರೆ ಗಾಜಿನ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನ ತಾಪ ಎಲ್ಲಿಗೆ ಏರುತ್ತದೆ ಎಂದು ಹೇಳಲಾಗದು. ಅಡುಗೆಮನೆಯ ಗೋಡೆಗೆ ಹೊಗೆ, ಒಗ್ಗರಣೆಯ ಘಾಟು. ಹಾಲ್‌ನಲ್ಲಿ ಟಿ.ವಿ. ಮತ್ತು ಬಾಗಿಲು ಬಡಿಯುವ ತಂಗಿ. ಹಾವಿಗೆ ಹೊರಗಿವಿ ಇಲ್ಲ, ನಿಜ. ಆದರೆ ಕೆಳದವಡೆ ನೆಲಕ್ಕೆ ತಾಗಿರುವಾಗ ಅದರ ಮೂಲಕ ಒಳಗಿವಿಗೆ ಕಂಪನ ಹೋಗುತ್ತದೆ, ತಗ್ಗಿನ ಸದ್ದುಗಳೂ ಅದಕ್ಕೆ ತಿಳಿಯುತ್ತವೆ. ಧಡ್ ಎನ್ನುವ ಬಾಗಿಲು ಅದಕ್ಕೆ ಮೈಯಲ್ಲೇ ಬಡಿದಂತೆ. ಕೊನೆಗೆ ಉಳಿದದ್ದು ನನ್ನ ಓದುವ ಕೋಣೆಯ ಒಳಗೋಡೆ. ಕಿಟಕಿಯಿಂದ ದೂರ, ಓಡಾಟ ಕಡಿಮೆ, ಹಗಲು ರಾತ್ರಿಯ ತಾಪದಲ್ಲಿ ಹೆಚ್ಚು ಏರಿಳಿತವಿಲ್ಲ.

ಕೋಣೆಯನ್ನೂ ಪೆಟ್ಟಿಗೆಯ ಭಾಗವೆಂದೇ ನೋಡಬೇಕಾಯಿತು. ಎಷ್ಟೇ ಬೀಗ ಹಾಕಿದರೂ ಒಂದು ದಿನ ಹಾವು ಹೊರಬರಬಹುದು ಎಂದಿಟ್ಟುಕೊಂಡು, ಬಂದರೂ ಆ ಕೋಣೆಯಲ್ಲೇ ಸಿಗಬೇಕು ಎಂಬ ಲೆಕ್ಕ. ಬಾಗಿಲ ಕೆಳಗಿನ ಸಂದಿಗೆ ಬ್ರಷ್ ಪಟ್ಟಿ, ನೀರು ಹೋಗುವ ತೂತಿಗೆ ಸ್ಕ್ರೂ ಹಾಕಿದ ಜಾಲರಿ, ವೈರು ಹಾಯಿಸಲು ಕೊರೆದು ಬಿಟ್ಟಿದ್ದ ಗೋಡೆಯ ರಂಧ್ರಕ್ಕೆ ಸಿಮೆಂಟು. ಪುಸ್ತಕದ ಕಪಾಟನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದಿಟ್ಟೆ, ಹಿಂದೆ ಕೈ ಹೋಗುವಂತೆ. ಸೊಳ್ಳೆ, ಜಿರಲೆಗೆ ಹೊಡೆಯುವ ಸ್ಪ್ರೇ ಆ ಕೋಣೆಯಿಂದ ಕಾಯಂ ಹೊರಗೆ ಹೋಯಿತು. ಅದರಲ್ಲಿರುವ ಪೈರೆಥ್ರಾಯ್ಡ್ ಸರೀಸೃಪಗಳ ನರಮಂಡಲಕ್ಕೆ ವಿಷ.

ಇನ್ನು ಪೆಟ್ಟಿಗೆ. ಮೇಲ್ಗಡೆ ಜಾಲರಿ ಮುಚ್ಚಳದ ಗಾಜಿನ ತೊಟ್ಟಿ ಬೇಡ ಎಂದು ಮೊದಲೇ ನಿರ್ಧರಿಸಿದ್ದೆ. ಬಿಸಿ ಗಾಳಿ, ತೇವ ಎರಡೂ ಜಾಲರಿಯಿಂದ ಮೇಲಕ್ಕೆ ಹಾರಿಹೋಗುತ್ತವೆ. ದಿನಕ್ಕೆ ಎಷ್ಟು ಸಲ ನೀರು ಚಿಮುಕಿಸಿದರೂ ಸಾಲದು. ಜೊತೆಗೆ ಮೇಲಿನಿಂದ ಕೈ ಇಳಿಸಿದರೆ ಹಾವಿಗೆ ಅದು ಹದ್ದು ಎರಗಿದ ಹಾಗೆ. ಮುಂದಿನಿಂದ ಬಾಗಿಲು ತೆರೆಯುವ, ಮೂರು ಕಡೆ ಗೋಡೆಯಿರುವ ಪೆಟ್ಟಿಗೆಯೇ ಸರಿ. ಪಿವಿಸಿ ಹಲಗೆಯ ಸಿದ್ಧ ಪೆಟ್ಟಿಗೆಗಳು ಹಗುರ, ನೀರಿಗೆ ಹೆದರವು. ನನಗೆ ಬೇಕಾದ ಅಳತೆಯಲ್ಲಿ ಸಿಗದೆ ಬಡಗಿಯನ್ನೇ ಕರೆದೆ.

‘ಮೀನಿನ ತೊಟ್ಟಿನಾ ಸಾರ್?’

‘ಅಲ್ಲ ಮೇಸ್ತ್ರಿ, ಹಾವಿಗೆ.’

ಟೇಪು ಸರಕ್ಕನೆ ಸುತ್ತಿ ಜೇಬು ಸೇರಿತು. ‘ಹಾವು ಈಗ ಮನೇಲಿದೆಯಾ?’ ಇಲ್ಲ ಎಂದ ಮೇಲೆ ಮತ್ತೆ ಹೊರಬಂತು.

ಉದ್ದ 120, ಅಗಲ 60, ಎತ್ತರ 60 ಸೆಂ.ಮೀ. ಬಾಲ್ ಪೈಥಾನ್‌ಗೆ ಸಣ್ಣ ಡಬ್ಬಿ ಸಾಕು, ದೊಡ್ಡ ಜಾಗದಲ್ಲಿ ಹೆದರಿ ಊಟ ಬಿಡುತ್ತದೆ ಎಂದು ಹಳೆಯ ಸಾಕಣೆಗಾರರು ಹೇಳುವುದುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬಟಾಬಯಲಾದ ದೊಡ್ಡ ಪೆಟ್ಟಿಗೆಯಲ್ಲಿ ಹೆದರುತ್ತದೆ, ಸರಿ; ಅದಕ್ಕೆ ಮದ್ದು ಅಡಗುತಾಣಗಳನ್ನು ಹೆಚ್ಚಿಸುವುದು. ಮೈಯನ್ನು ಉದ್ದಕ್ಕೆ ಪೂರ್ತಿ ಚಾಚಲೂ ಆಗದ ಡಬ್ಬಿಯಲ್ಲಿ ಮೂವತ್ತು ವರ್ಷ ಇಡುವುದನ್ನು ಸಾಕುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಲಗೆಯ ಒಳಮೈಗೆ ಲ್ಯಾಮಿನೇಟ್, ಮೂಲೆ ಮೂಲೆಗೂ ಸಿಲಿಕಾನ್. ಸಿಲಿಕಾನ್ ಎಂದರೆ ಅಕ್ವೇರಿಯಂಗೆ ಬಳಸುವ ಸಾದಾ ಬಗೆ. ಬಾತ್‌ರೂಮಿನದರಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಒಣಗುವಾಗ ವಿನೆಗರ್ ವಾಸನೆ ಘಮ್ ಎನ್ನುತ್ತದೆ. ಬಾಗಿಲು ತೆರೆದಿಟ್ಟು, ತಲೆ ಒಳಗೆ ಹಾಕಿ ಮೂಸಿದರೂ ಏನೂ ಬಾರದ ತನಕ ಮುಂದಿನ ಕೆಲಸ ನಿಲ್ಲಿಸಿದೆ. ಗಾಳಿಗೆ ಎರಡು ಕಡೆ ಕಿಂಡಿ: ತಂಪು ತುದಿಯಲ್ಲಿ ಕೆಳಗೆ, ಬಿಸಿ ತುದಿಯಲ್ಲಿ ಮೇಲೆ. ಬಿಸಿಯಾದ ಗಾಳಿ ಮೇಲಿಂದ ಹೊರಹೋಗುತ್ತ ಕೆಳಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಕಿಂಡಿಗೆ ತಂತಿ ಜಾಲರಿ ಹಾಕಲಿಲ್ಲ. ಹೊರಗೆ ದಾರಿ ಹುಡುಕುವ ಹಾವು ಮೂತಿಯನ್ನು ತಂತಿಗೆ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ನಯವಾದ ತೂತು ತಗಡೇ ವಾಸಿ.

ಮುಂದೆ ಎರಡು ಜಾರುಗಾಜು. ಚಾನೆಲ್ಲಿನ ಕೆಳಗೆ ಒಂದು ಗೇಣೆತ್ತರದ ಹಲಗೆ, ತಳಕ್ಕೆ ಹರಡುವ ಹಾಸು ಹೊರಗೆ ಸುರಿಯದಂತೆ. ಒಂದರ ಮೇಲೊಂದು ಬರುವ ಎರಡು ಗಾಜಿನ ನಡುವೆ ಕೆಲವು ಮಿಲಿಮೀಟರ್ ಸಂದಿ ಉಳಿಯುತ್ತದೆ. ಮೇಸ್ತ್ರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಆದರೆ ಹಾವಿಗೆ ತಲೆ ತೂರಿದರೆ ಮೈ ತೂರಿದ ಹಾಗೆ. ಪೆನ್ಸಿಲ್ ಗಾತ್ರದ ಕಾರ್ನ್ ಸ್ನೇಕ್ ಮರಿಯಾಗಿದ್ದರೆ ಅಷ್ಟರಲ್ಲೇ ಜಾಗ ಮಾಡಿಕೊಂಡೀತು. ಪಾರದರ್ಶಕ ಪಟ್ಟಿ ಕೂರಿಸಿ ಮುಚ್ಚಿದೆವು. ಬೀಗ, ಅಂಗಡಿಯ ಗಾಜಿನ ಶೋಕೇಸಿಗೆ ಹಾಕುವ ಹಲ್ಲುಪಟ್ಟಿಯದು. ಹಾವಿಗೆ ಕೈಯಿಲ್ಲ, ಬೀಗ ಯಾಕೆ ಎಂದು ಕೇಳಿದವರಿದ್ದಾರೆ. ಮೂತಿಯನ್ನು ಗಾಜಿನ ಅಂಚಿಗೆ ಒತ್ತಿ ಪಕ್ಕಕ್ಕೆ ತಳ್ಳುವುದು ಅದಕ್ಕೆ ಚೆನ್ನಾಗಿ ಗೊತ್ತು, ತಾಳ್ಮೆಯೂ ಇದೆ, ರಾತ್ರಿ ಪೂರ್ತಿ ಸಮಯವೂ ಇದೆ.

ಹೆಚ್ಚು ತಲೆ ತಿಂದದ್ದು ಬಿಸಿಯ ವ್ಯವಸ್ಥೆ. ಹಾವು ತನ್ನ ಮೈಯ ಬಿಸಿಯನ್ನು ತಾನು ಹುಟ್ಟಿಸಿಕೊಳ್ಳದು. ಬಿಸಿ ಜಾಗಕ್ಕೂ ತಂಪು ಜಾಗಕ್ಕೂ ಓಡಾಡಿ ಹದ ಮಾಡಿಕೊಳ್ಳುತ್ತದೆ. ತಿಂದದ್ದು ಅರಗಬೇಕಾದರೂ ಬಿಸಿ ಬೇಕು. ಆದ್ದರಿಂದ ಪೆಟ್ಟಿಗೆಯ ಒಂದು ತುದಿ 31–33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25–26, ನಡುವೆ ಮೆಲ್ಲಗೆ ಇಳಿಯುವ ತಾಪ. ಬಿಸಿಕಲ್ಲು ಎಂದು ಮಾರುವ, ಒಳಗೆ ಕಾಯಿಲ್ ಇರುವ ಕಲ್ಲುಗಳನ್ನು ಮುಟ್ಟಬೇಡಿ. ಅವು ಅಲ್ಲಲ್ಲಿ ಅತಿಯಾಗಿ ಕಾಯುತ್ತವೆ, ಹಾವು ಹೊಟ್ಟೆ ಸುಡುತ್ತಿದ್ದರೂ ಎದ್ದು ಹೋಗದೆ ಮಲಗಿಬಿಡುತ್ತದೆ. ನಾನು ಹಾಕಿದ್ದು ಚಾವಣಿಗೆ ಸೆರಾಮಿಕ್ ಹೀಟರ್. ಬೆಳಕು ಕೊಡುವುದಿಲ್ಲ, ಬಿಸಿ ಮಾತ್ರ, ರಾತ್ರಿಗೂ ನಡೆಯುತ್ತದೆ. ಅದರ ಸುತ್ತ ತಂತಿಯ ಪಂಜರ ಕಡ್ಡಾಯ. ಇಲ್ಲದಿದ್ದರೆ ಹಾವು ಹತ್ತಿ ಅದಕ್ಕೇ ಸುತ್ತಿಕೊಳ್ಳುತ್ತದೆ. ಪಂಜರದ ಕಣ್ಣಿನಲ್ಲಿ ಮರಿಯ ತಲೆ ತೂರುತ್ತದೆಯೇ ಎಂದೂ ನೋಡಬೇಕು.

ಹೀಟರಿಗಿಂತ ಮುಖ್ಯ, ತಾಪ ನೋಡಿ ಅದನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್. ಅದಿಲ್ಲದೆ ಯಾವ ಹೀಟರನ್ನೂ ಹಾವಿನ ಪೆಟ್ಟಿಗೆಗೆ ಜೋಡಿಸಬಾರದು. ಸೆರಾಮಿಕ್‌ಗೆ ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಬಗೆಯದು ಹೊಂದುತ್ತದೆ, ಬೆಳಕಿನ ಬಲ್ಬಿಗೆ ಡಿಮ್ಮರ್ ಬಗೆಯದು. ತಾಪ ಅಳೆಯುವ ಅದರ ಪ್ರೋಬ್ ಎಲ್ಲಿ ಕೂರಬೇಕು ಎಂಬುದರಲ್ಲೇ ಎಲ್ಲ ಇದೆ. ಹಾವು ಅದನ್ನು ಎಳೆದು ನೀರಿನ ಬಟ್ಟಲಿಗೋ ತಂಪು ಕಡೆಗೋ ಹಾಕಿದರೆ, ಪೆಟ್ಟಿಗೆ ತಣ್ಣಗಿದೆ ಎಂದುಕೊಂಡು ಥರ್ಮೋಸ್ಟಾಟ್ ಹೀಟರನ್ನು ಉರಿಸುತ್ತಲೇ ಇರುತ್ತದೆ. ತಂಪಿಗಿಂತ ಅತಿಬಿಸಿ ಹಾವನ್ನು ಬೇಗ ಕೊಲ್ಲುತ್ತದೆ. ಪ್ರೋಬನ್ನು ಸ್ಕ್ರೂ ಹಾಕಿದ ಕ್ಲಿಪ್ಪಿನಲ್ಲಿ ಬಿಗಿದೆ. ಅಂಟುಪಟ್ಟಿಯಂತೂ ಪೆಟ್ಟಿಗೆಯ ಒಳಗೆ ಒಂದಿಂಚೂ ಇರಬಾರದು, ಸೆಲ್ಲೋಟೇಪ್ ಆಗಲಿ, ಹಿಂದೆ ಅಂಟಿರುವ ಮೀಟರ್ ಆಗಲಿ. ಬಿಟ್ಟುಕೊಂಡ ಟೇಪು ಹುರುಪೆಗೆ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ.

ವೈರುಗಳನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮೇಲಕ್ಕೆ ತಂದೆ. ನೀರು ಹರಿದರೂ ಇಳಿದ ಬಾಗಿನಲ್ಲೇ ತೊಟ್ಟಿಕ್ಕಬೇಕು, ಸಾಕೆಟ್ಟಿಗೆ ಹೋಗಬಾರದು. ಆ ಲೈನಿಗೆ, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಆರ್‌ಸಿಸಿಬಿ ಸ್ವಿಚ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಬಂದು ನೋಡಿದರು. ಹಗಲಿಗೆ ಟೈಮರ್ ಹಾಕಿದ ಎಲ್‌ಇಡಿ, 12 ಗಂಟೆ ಬೆಳಕು, 12 ಗಂಟೆ ಕತ್ತಲು. ರಾತ್ರಿಗೆ ಕೆಂಪು ಬಲ್ಬು ಹಾಕುವ ಚಾಳಿ ಇದೆ, ಬೇಡ. ರಾತ್ರಿ ಎಂದರೆ ಕತ್ತಲೆಯೇ ಆಗಿರಲಿ. ನೇರಳಾತೀತ ಕಿರಣ ಕೊಡುವ ಮಂದ ಯುವಿಬಿ ದೀಪ ಒಳ್ಳೆಯದೆಂದು ಈಗ ಅನೇಕರು ಹೇಳುತ್ತಾರೆ. ಅದಿಲ್ಲದೆಯೂ ಬಾಲ್ ಪೈಥಾನ್‌ಗಳು ಬದುಕಿವೆ, ಆದರೂ ನಾನು ಆಮೇಲೆ ಹಾಕಿಸಿದೆ.

ಪೆಟ್ಟಿಗೆ ಚಾಲೂ ಮಾಡಿ ಖಾಲಿಯಾಗಿಯೇ ಓಡಲು ಬಿಟ್ಟ ಕಾಲ ಇದೆಯಲ್ಲ, ಕಲಿತದ್ದೆಲ್ಲ ಆವಾಗ. ಥರ್ಮೋಸ್ಟಾಟಿನ ಪರದೆ 32 ಎನ್ನುತ್ತಿತ್ತು. ಮುಟ್ಟದೆಯೇ ತಾಪ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ಅಡಗುತಾಣದ ಒಳನೆಲಕ್ಕೆ ಗುರಿಯಿಟ್ಟರೆ 27. ಹಾವು ಮಲಗುವುದು ಪರದೆಯಲ್ಲಲ್ಲ, ಆ ನೆಲದ ಮೇಲೆ. ಮೇಲಿನಿಂದ ಬರುವ ಬಿಸಿಯನ್ನು ಅಡಗುತಾಣದ ಮಾಡೇ ತಡೆಯುತ್ತಿತ್ತು. ಅದರ ಮೇಲೊಂದು ಚಪ್ಪಟೆ ಕಲ್ಲು ಇಟ್ಟೆ. ಕಲ್ಲು ಕಾದು ಕೆಳಗೂ ಬಿಸಿ ಇಳಿಯಿತು, ಹತ್ತಿ ಮಲಗಲು ಒಂದು ಜಗಲಿಯೂ ಆಯಿತು. ಭಾರದ ಕಲ್ಲು, ಕೊರಡುಗಳನ್ನು ಹಾಸಿನ ಮೇಲೆ ಇಡದೆ ಪೆಟ್ಟಿಗೆಯ ತಳಕ್ಕೇ ಊರಬೇಕು. ಹಾವು ಅಡಿಯಲ್ಲಿ ಕೊರೆದುಕೊಂಡು ಹೋದಾಗ ಕುಸಿದು ಬೀಳದಂತೆ. ಮುಳ್ಳು ತಿರುಗುವ ಅಗ್ಗದ ತೇವಮಾಪಕವನ್ನು ಡಿಜಿಟಲ್ ಮಾಪಕದ ಪಕ್ಕ ಇಟ್ಟರೆ ಎರಡೂ ಎರಡು ಕತೆ ಹೇಳಿದವು. ಮುಳ್ಳಿನದನ್ನು ತಂಗಿ ತನ್ನ ಕೋಣೆಯ ಅಲಂಕಾರಕ್ಕೆ ಒಯ್ದಳು.

ತೇವ ಬಾಲ್ ಪೈಥಾನ್‌ಗೆ ಶೇ. 60ರಿಂದ 80ರೊಳಗೆ ಇರಬೇಕು. ಮೊದಲಿಗೆ ಸ್ಪ್ರೇ ಬಾಟಲಿ ಹಿಡಿದೆ. ಚಿಮುಕಿಸಿದ ಕೂಡಲೆ 90, ಮಧ್ಯಾಹ್ನಕ್ಕೆ 45. ಮೇಲೆಲ್ಲ ಒದ್ದೆ, ಅಡಿಯಲ್ಲಿ ಒಣಕಲು. ಬೇಕಾದದ್ದಕ್ಕೆ ತೀರಾ ಉಲ್ಟಾ. ಹೊಟ್ಟೆ ಯಾವಾಗಲೂ ಒದ್ದೆಯ ಮೇಲಿದ್ದರೆ ಹುರುಪೆ ಕೊಳೆಯುತ್ತದೆ. ಆಮೇಲೆ ತೆಂಗಿನ ನಾರಿನ ಚಿಪ್ಸನ್ನು ಬೆರಳುದ್ದ ದಪ್ಪಕ್ಕೆ ಹಾಸಿ, ನಾಲ್ಕು ಮೂಲೆಗಳಲ್ಲಿ ನೀರನ್ನು ನಿಧಾನ ಸುರಿದೆ. ನೀರು ತಳಕ್ಕಿಳಿದು ಅಲ್ಲಿಂದ ಆವಿಯಾಗುತ್ತ ಬರುತ್ತದೆ, ಮೇಲ್ಪದರ ಕೈಗೆ ಒಣಗಿಯೇ ಸಿಗುತ್ತದೆ. ಮಾಪಕ 65–70ರಲ್ಲಿ ನಿಂತಿತು. ಭಾರದ ನೀರಿನ ಬಟ್ಟಲನ್ನು ನಡುವಿನಿಂದ ಬಿಸಿ ಕಡೆಗೆ ತುಸು ಸರಿಸಿದರೆ ಇನ್ನೂ ನಾಲ್ಕೈದು ಏರುತ್ತದೆ. ದೇವದಾರು, ಪೈನ್ ಮರದ ಹೊಟ್ಟು ಹಾಸಲೇಬಾರದು. ಆ ಸುವಾಸನೆಯ ಎಣ್ಣೆ ಹಾವಿನ ಶ್ವಾಸಕೋಶಕ್ಕೆ ಆಗದು. ಹುಳುಹುಪ್ಪಟೆ, ಜೀವಂತ ಗಿಡ ಎಲ್ಲ ಸೇರಿಸಿ ಮಾಡುವ ಮಣ್ಣಿನ ಹಾಸು ನೋಡಲು ಸೊಗಸು. ಆದರೆ ಹೊಸ ಹಾವಿನ ಹಿಕ್ಕೆ, ಉಣ್ಣೆ ಹುಳ ಕಣ್ಣಿಗೆ ಬೀಳಬೇಕಾದ ಮೊದಲ ತಿಂಗಳುಗಳಲ್ಲಿ ಅದು ಸಲ್ಲದು.

ಅಡಗುತಾಣ ಎರಡು, ಒಂದೇ ಅಳತೆ, ಒಂದೇ ಆಕಾರ. ಒಂದು ಬಿಸಿ ತುದಿಗೆ, ಇನ್ನೊಂದು ತಂಪು ತುದಿಗೆ. ಒಂದೇ ಕಡೆ ಇಟ್ಟರೆ ಹಾವು ಬಿಸಿ ಬೇಕಾದಾಗಲೂ ಅಡಗಿರಲು ಅಲ್ಲೇ ಉಳಿಯುತ್ತದೆ. ಮೈಗಿಂತ ಅದಕ್ಕೆ ಜೀವಭಯ ದೊಡ್ಡದು. ಒಳಗೆ ಸುತ್ತಿಕೊಂಡಾಗ ಮೈ ಮೂರು ಕಡೆಗೂ ತಾಗುವಷ್ಟು ಇಕ್ಕಟ್ಟಾಗಿರಬೇಕು. ನಾನು ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆಗಳನ್ನು ಕವುಚಿ, ಅಂಚಿನಲ್ಲಿ ಬಾಗಿಲು ಕೊರೆದು, ಮರಳು ಕಾಗದದಲ್ಲಿ ಉಜ್ಜಿದೆ. ಅಂಚಿನ ಮೇಲೆ ತುಟಿ ಸವರಿ ನೋಡಿದೆ. ಬೆರಳಿಗೆ ತಿಳಿಯದ ಮುಳ್ಳು ತುಟಿಗೆ ತಿಳಿಯುತ್ತದೆ. ಮೂರನೆಯದು ಮುಚ್ಚಳವಿರುವ ಡಬ್ಬಿ, ಒಳಗೆ ಹಿಂಡಿದ ಸ್ಫ್ಯಾಗ್ನಮ್ ಪಾಚಿ, ಪೊರೆ ಬಿಡುವ ಕಾಲಕ್ಕೆ. ಹತ್ತಲು ಒಂದು ಗಟ್ಟಿ ಕೊಂಬೆ. ಬಾಲ್ ಪೈಥಾನ್ ನೆಲದ ಹಾವು ಎಂದರೂ ರಾತ್ರಿ ಹತ್ತುವುದುಂಟು.

ಊಟದ ಇಲಿಗಳ ಮಾತಿನಲ್ಲಿ ಮನೆಯಲ್ಲಿ ದೊಡ್ಡ ಸಂಧಾನವೇ ನಡೆಯಿತು. ಜೀವಂತ ಇಲಿ ಬೇಡ, ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಮಂಜುಗಟ್ಟಿಸಿದ್ದನ್ನು ಕರಗಿಸಿ ಕೊಡುವುದೇ ಕ್ಷೇಮ. ಆದರೆ ಮನೆಯ ಫ್ರಿಜ್ಜಿನಲ್ಲಿ? ಅಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ, ಫ್ರಿಜ್ಜಿನ ಬಾಗಿಲಿಗೆ ಒರಗಿ ನಿಂತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನನ್ನ ಕೋಣೆಗೇ ಒಂದು ಪುಟ್ಟ ಫ್ರೀಜರ್ ಬಂತು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾದ ದೃಷ್ಟಿಯಿಂದಲೂ ಅದೇ ಸರಿ. ನೀರಿನ ಬಟ್ಟಲು ತೊಳೆಯುವುದೂ ಅಡುಗೆಮನೆಯ ಸಿಂಕಿನಲ್ಲಲ್ಲ. ಹಾವನ್ನೋ ಪೆಟ್ಟಿಗೆಯ ಸಾಮಾನನ್ನೋ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳ ಕೈಗೆ ಹಾವು ಕೊಡುವುದಿಲ್ಲ. ನೆಂಟರ ಮಗು ಎಷ್ಟೇ ಅತ್ತರೂ ಗಾಜಿನ ಈಚೆಯಿಂದಲೇ ದರ್ಶನ.

ಹಾವು ಬಂದ ದಿನ ನೋಡುವಂಥದ್ದು ಏನೂ ನಡೆಯಲಿಲ್ಲ. ಚೀಲದಿಂದ ಇಳಿದು, ನಾಲಿಗೆ ಚಾಚುತ್ತ ಗೋಡೆಗುಂಟ ಒಂದು ಸುತ್ತು ಹಾಕಿ ತಂಪು ಕಡೆಯ ತಟ್ಟೆಯಡಿ ಸೇರಿಕೊಂಡಿತು. ಮೊದಲ ವಾರ ಮುಟ್ಟಲಿಲ್ಲ, ತಿನ್ನಲೂ ಕೊಡಲಿಲ್ಲ, ನೀರು ಬದಲಿಸಿದೆ ಅಷ್ಟೆ. ಮೊದಲು ಕೊಟ್ಟ ಇಲಿಯನ್ನು ಮೂಸಿಯೂ ನೋಡಲಿಲ್ಲ. ತೂಕ ಇಳಿಯದಿದ್ದರೆ ಈ ಜಾತಿಯ ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸ ತಡೆಯುತ್ತದೆ, ಮರಿಗೆ ಅಷ್ಟು ಕಾಯಲಾಗದು ಎಂದು ಸರೀಸೃಪ ನೋಡುವ ಪಶುವೈದ್ಯರು ಮೊದಲೇ ಹೇಳಿದ್ದರು. ಅಂಥ ವೈದ್ಯರು ಎಲ್ಲಿದ್ದಾರೆಂದು ಹಾವು ತರುವ ಮುಂಚೆಯೇ ಹುಡುಕಿಟ್ಟುಕೊಳ್ಳಿ, ಎಲ್ಲ ಕಡೆ ಸಿಗುವುದಿಲ್ಲ. ತಕ್ಕಡಿಯಲ್ಲಿ ತೂಕ ಬರೆದಿಡುತ್ತ ಕಾದೆ. ಒಂದು ರಾತ್ರಿ ಬಿಸಿ ಕಡೆಯ ತಟ್ಟೆಯ ಬಾಗಿಲಿಂದ ತಲೆ ಹೊರಹಾಕಿ ಕುಳಿತಿತ್ತು. ಬೆಚ್ಚಗೆ ಮಾಡಿದ ಇಲಿಯನ್ನು ಇಕ್ಕಳದಲ್ಲಿ ಹಿಡಿದು ಮುಂದೆ ತಂದೆ. ತುಟಿಯಂಚಿನ ಕುಳಿಗಳು ಬಿಸಿಯನ್ನು ಗುರುತಿಸುತ್ತವೆ ಎಂದು ಓದಿದ್ದೆ. ತಣ್ಣಗಿದ್ದ ಬಾಲದ ಕಡೆ ನೋಡದೆ ಬೆಚ್ಚಗಿದ್ದ ತಲೆಗೇ ಎರಗಿತು.

ಪೆಟ್ಟಿಗೆ ಹೇಗಿದೆ ಎಂಬುದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು ಪೊರೆಯಿಂದ. ಕಣ್ಣು ಹಾಲುಬಣ್ಣಕ್ಕೆ ತಿರುಗಿತು, ಹೊಟ್ಟೆ ನಸುಗೆಂಪಾಯಿತು, ಹಾವು ಪಾಚಿ ಡಬ್ಬಿ ಸೇರಿತು. ಕೆಲವು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗಿ, ಆಮೇಲೆ ಒಂದು ಬೆಳಿಗ್ಗೆ ಕೊಂಬೆಯ ಬುಡದಲ್ಲಿ ಪೊರೆ ಬಿದ್ದಿತ್ತು, ಒಳಮೈ ಹೊರಗಾಗಿ, ಮೂತಿಯಿಂದ ಬಾಲದ ತುದಿಯ ತನಕ ಒಂದೇ ತುಂಡು. ಇನ್ನೂ ತೇವವಿದ್ದಾಗಲೇ ಬಿಡಿಸಿ ತಲೆಯ ಭಾಗವನ್ನು ಬೆಳಕಿಗೆ ಹಿಡಿದೆ. ಎರಡು ಕಣ್ಣಿನ ಪೊರೆಯೂ ಬಂದಿದ್ದವು, ಸಣ್ಣ ಗಾಜಿನ ಬಿಲ್ಲೆಗಳ ಹಾಗೆ. ಅವು ಕಣ್ಣಿಗೇ ಅಂಟಿ ಉಳಿದಿದ್ದರೆ ನಾವು ಉಗುರಿಂದ ಕೀಳಲು ಹೋಗಬಾರದು, ತೇವ ಹೆಚ್ಚಿಸಿ ನೋಡಬೇಕು, ಬಗ್ಗದಿದ್ದರೆ ವೈದ್ಯರ ಕೆಲಸ.

ಈಗ ಉಳಿದಿರುವುದು ಉಸ್ತುವಾರಿ. ಕರೆಂಟು ಹೋದರೆ ಇನ್ವರ್ಟರ್ ಹೀಟರನ್ನು ಕೆಲವು ಗಂಟೆ ಎಳೆಯುತ್ತದೆ. ಅದಕ್ಕೂ ಮೀರಿದರೆ ಪೆಟ್ಟಿಗೆಗೆ ಹೊರಗಿನಿಂದ ಕಂಬಳಿ ಹೊದಿಸಿ, ಬಟ್ಟೆ ಸುತ್ತಿದ ಬಿಸಿನೀರ ಬಾಟಲಿ ಒಳಗಿಡುವುದು. ನಾನು ಊರಿಗೆ ಹೋದಾಗ ಮಾಪಕ ನೋಡುವುದು ತಂಗಿಯ ಪಾಲು. ಗೋಡೆಯ ಮೇಲಿನ ಹಾಳೆಯಲ್ಲಿ ಬಿಸಿ, ತಂಪು, ತೇವ ಎಂದು ಮೂರು ಕಾಲಂ ಎಳೆದಿದ್ದೆ; ‘ಬೀಗ’ ಎಂಬ ನಾಲ್ಕನೆಯದನ್ನು ಅಮ್ಮ ಸೇರಿಸಿದ್ದಾರೆ, ಅವರೇ ಟಿಕ್ ಹಾಕುತ್ತಾರೆ. ಒಳಗೊಂದು ಎತ್ತರದ ಅಟ್ಟ ಮಾಡಿಸಬೇಕಿದೆ, ರಾತ್ರಿ ಹತ್ತುವುದು ಹೆಚ್ಚಾಗಿದೆ. ಮೇಸ್ತ್ರಿಗೆ ಫೋನ್ ಮಾಡಿದ್ದೆ. ಅಳತೆ ನಾನೇ ತೆಗೆದು ಕಳಿಸಬೇಕಂತೆ.